ಮುಕ್ತ ವ್ಯಾಪಾರದ ಪರ ನಾನು, ವಿರೋಧ ಮಂಜುನಾಥ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ನಂಬಲೇಬೇಕೆಂಬ ಒತ್ತಾಯವೂ ಇಲ್ಲ. ನನ್ನ ಮಾತು ನಂಬುವ ಅಭ್ಯಾಸ ಇಡೀ ದಾವಣಗೆರೆಯಲ್ಲಿ ಯಾರಿಗೂ ಇಲ್ಲ, ಅದು ನಿಮ್ಮಿಂದಲೇ ಶುರುವಾಗಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಆದರೂ ನಡೆದದ್ದು ನಡೆದಿದೆ. ಹೋದ ತಿಂಗಳು ಹರಿಹರದ ಒಂದು ಕಾಲೇಜಿನಲ್ಲಿ, ಹಾಡಹಗಲು, ಮೂವರು ತೀರ್ಪುಗಾರರ ಕಣ್ಣೆದುರಿಗೇ, ನಾನು ಮುಕ್ತ ವ್ಯಾಪಾರವನ್ನು ಐದು ನಿಮಿಷ ಹಾಡಿ ಹೊಗಳಿದೆ. ಆಮೇಲೆ ಹೊಟ್ಟೆ ತುಂಬ ಪಲಾವ್ ತಿಂದು ಬಂದು, ಅದೇ ಮುಕ್ತ ವ್ಯಾಪಾರವನ್ನು ಇನ್ನೈದು ನಿಮಿಷ ಹಿಗ್ಗಾಮುಗ್ಗಾ ಬೈದೆ. ಎರಡಕ್ಕೂ ಚಪ್ಪಾಳೆ ಬಿತ್ತು. ಎರಡನೆಯದಕ್ಕೆ ಬಿದ್ದ ಚಪ್ಪಾಳೆ ಮಾತ್ರ ನನ್ನದಾಗಲಿಲ್ಲ. ಅದು ಮಂಜುನಾಥನ ಪಾಲಾಯಿತು. ಮಂಜುನಾಥ ಎಂಬುವನು ಈ ಭೂಮಿಯ ಮೇಲೆ ಇರಲೇ ಇಲ್ಲ ಎನ್ನುವುದು ಬೇರೆ ಮಾತು.

ಮೊದಲಿಂದ ಹೇಳುತ್ತೇನೆ. ನಾನು ಸೆಕೆಂಡ್ ಪಿಯುಸಿ ಕಾಮರ್ಸ್. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಎರಡು ಬಾಣ ಬರೆದು, ಹೊರಗೆ ಹೋಗುವುದು ರಫ್ತು, ಒಳಗೆ ಬರುವುದು ಆಮದು, ಒಳಗೆ ಬರುವುದೇ ಜಾಸ್ತಿಯಾದರೆ ಅದು ವ್ಯಾಪಾರದ ಕೊರತೆ, ಹೊರಗೆ ಹೋಗುವುದು ಜಾಸ್ತಿಯಾದರೆ ಅದು ಹೆಚ್ಚುವರಿ ಎಂದು ಹೇಳಿಕೊಟ್ಟರು. ಇಡೀ ಕ್ಲಾಸು ನಿದ್ದೆ ಹೊಡೆಯುತ್ತಿದ್ದಾಗ ನನಗೆ ಮಾತ್ರ ಮೈ ಜುಮ್ಮೆಂದಿತು. ಯಾಕೆಂದರೆ ಅದು ನನ್ನದೇ ಜಾತಕ. ನಾನು ದಿನಕ್ಕೆ ಲೋಡುಗಟ್ಟಲೆ ಮಾತು ರಫ್ತು ಮಾಡುತ್ತೇನೆ. ಬಸ್‌ಸ್ಟಾಪಿನಲ್ಲಿ, ಲೈಬ್ರರಿಯ ಬಾಗಿಲಲ್ಲಿ, ಕ್ಯಾಂಟೀನಿನ ಕ್ಯೂನಲ್ಲಿ, ಯಾರು ಸಿಕ್ಕರೆ ಅವರಿಗೆ. ಆ ಕಡೆಯಿಂದ ವಾಪಸು ಬರುವುದು "ಹ್ಞೂಂ" ಒಂದೇ; ಅದೂ ಬೆನ್ನು ತಿರುಗಿಸಿಕೊಂಡು. ಪುಸ್ತಕದ ಲೆಕ್ಕದಲ್ಲಿ ನಾನು ಭಾರೀ ಹೆಚ್ಚುವರಿಯ ದೇಶ, ಅಂದರೆ ಶ್ರೀಮಂತ. ಮೂರು ಜನ ಕೂರುವ ಬೆಂಚಿನಲ್ಲಿ ಒಬ್ಬನೇ ಕಾಲು ಚಾಚಿಕೊಂಡು ಕೂರುವಷ್ಟು ಶ್ರೀಮಂತ.

ಹೀಗಿರುವಾಗ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಬಿತ್ತು. ಹರಿಹರದಲ್ಲಿ ಅಂತರ ಕಾಲೇಜು ಚರ್ಚಾ ಸ್ಪರ್ಧೆ. ವಿಷಯ, 'ಮುಕ್ತ ವ್ಯಾಪಾರದಿಂದ ದೇಶಕ್ಕೆ ಒಳಿತು'. ಇಂಥ ಸ್ಪರ್ಧೆಗಳ ಕಟ್ಟಳೆ ನಿಮಗೆ ಗೊತ್ತಿರಬಹುದು: ಒಂದು ಕಾಲೇಜಿಗೆ ಇಬ್ಬರು, ಒಬ್ಬ ಪರ, ಇನ್ನೊಬ್ಬ ವಿರೋಧ. ಇಬ್ಬರ ಅಂಕ ಕೂಡಿಸಿ ಯಾರಿಗೆ ಹೆಚ್ಚೋ ಆ ಕಾಲೇಜಿಗೆ ಶೀಲ್ಡು. ಒಬ್ಬನೇ ಹೋದರೆ ಸೇರಿಸಿಕೊಳ್ಳುವುದೇ ಇಲ್ಲ. ನನಗೆ ಆ ಶೀಲ್ಡು ಬೇಕಾಗಿತ್ತು. ಶೀಲ್ಡಿನ ಆಸೆಗಲ್ಲ, ಅದು ಮರದ ಹಲಗೆಗೆ ಹೊಡೆದ ತಗಡು, ಮನೆಗೂ ಕೊಡುವುದಿಲ್ಲ. ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಪಕ್ಕ ಒಂದು ಕಟ್ಟೆ ಇದೆ. ಆಟದಲ್ಲೋ ಪಾಠದಲ್ಲೋ ಏನಾದರೂ ಗೆದ್ದು ತಂದವರು ಅಲ್ಲಿ ಕೂತು ಹರಟುತ್ತಾರೆ. ಆ ಕಟ್ಟೆಯ ಮೇಲೆ ನನಗೊಂದು ಗೇಣು ಜಾಗ ಸಿಕ್ಕರೆ, ಯಾರಾದರೂ "ಸರ್ಕೊಳ್ರಲೇ, ಇವನೂ ಕೂಡ್ಲಿ" ಎಂದರೆ ಸಾಕು ಎನ್ನುವುದು ನನ್ನ ಆಸೆ.

ಜೊತೆಗಾರನಿಗಾಗಿ ಹುಡುಕಿದೆ. ಮೊದಲು ಚನ್ನಬಸಪ್ಪನನ್ನು ಹಿಡಿದೆ. ಅವನು ಹಿಂದಿನ ಬೆಂಚಿನವನು, ಗಂಟಲು ಒಳ್ಳೆಯದು.

"ಚನ್ನೂ, ಹರಿಹರಕ್ಕೆ ಬರ್ತೀಯೇನೋ? ನೀನು ವಿರೋಧ ಮಾತಾಡು. ಬರ್ಕೊಡೋದು ನಾನು."

"ಮಾತಾಡಾಕ ನಂದೇನ್ ಅಡ್ಡಿ ಇಲ್ಲೋ ಶಿವು. ಐದು ನಿಮಿಷ ತಾನೇ?" ಎಂದ. ನಾನು ಹಿಗ್ಗಿದೆ. ಅಷ್ಟರಲ್ಲಿ ಅವನಿಗೆ ಏನೋ ಹೊಳೆಯಿತು. "ಬಸ್ಸಿನಾಗೆ ನಿನ್ನ ಪಕ್ಕ ಕೂಡ್ಬೇಕೇನೋ?"

"ಹೂಂ ಮತ್ತೆ."

"ಹೋಗಾಕ ಅರ್ಧ ತಾಸು, ಬರಾಕ ಅರ್ಧ ತಾಸು," ಎಂದು ಬೆರಳು ಮಡಿಚಿದ. "ಬ್ಯಾಡ ಮಾರಾಯ. ನನಗೂ ಅಪ್ಪ ಅವ್ವ ಅದಾರೆ."

ಆಮೇಲೆ ಇನ್ನೂ ಏಳು ಜನರನ್ನು ಕೇಳಿದೆ. ಒಬ್ಬನಿಗೆ ಆ ದಿನ ಜ್ವರ ಬರುವುದಿತ್ತು, ಇನ್ನೊಬ್ಬನ ಎಮ್ಮೆ ಕರು ಹಾಕುವುದಿತ್ತು. ಸ್ಪರ್ಧೆ ಮೂರು ವಾರ ಆಚೆಗಿದ್ದರೂ ಎಲ್ಲರ ತಾರೀಕೂ ಕರಾರುವಾಕ್ಕಾಗಿ ಅದೇ ದಿನಕ್ಕೆ ಬಿತ್ತು. ಮೇಷ್ಟ್ರು ಫಾರಂ ಮೇಲೆ ಸಹಿ ಹಾಕಿ, "ಜೋಡಿ ಹುಡುಗನ ಹೆಸರು ನೀನೇ ಬರ್ಕೊಳಪ್ಪ" ಎಂದು ಕೈ ತೊಳೆದುಕೊಂಡರು. ಆ ಖಾಲಿ ಗೆರೆಯನ್ನು ಮೂರು ದಿನ ನೋಡಿದೆ. ನಾಲ್ಕನೆಯ ದಿನ 'ಮಂಜುನಾಥ, ಕುಕ್ಕುವಾಡ' ಎಂದು ಬರೆದೆ. ಬರೆದ ಕೂಡಲೇ ಮನಸ್ಸು ಹಗುರಾಯಿತು. ಅವನಿಗೊಂದು ಊರು ಕೊಟ್ಟಿದ್ದೆ. ಮಾತು ಕಮ್ಮಿ, ಕೇಳುವುದು ಜಾಸ್ತಿ ಎನ್ನುವ ಸ್ವಭಾವವನ್ನೂ ಕೊಟ್ಟೆ. ಎರಡು ವಾರ ಅವನ ಜೊತೆ ಚೆನ್ನಾಗಿಯೇ ಕಳೆಯಿತು.

ಬಸ್ಸಿನಲ್ಲಿ ಹರಿಹರಕ್ಕೆ ಹೋಗುವಾಗ ಸ್ವಲ್ಪ ಅಳುಕಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆಮೇಲೆ ಸಮಾಧಾನ ಮಾಡಿಕೊಂಡೆ. ಆ ಊರಿನ ದೇವರೇ ಅರ್ಧ ಹರಿ, ಅರ್ಧ ಹರ; ಇಬ್ಬರು ಸೇರಿ ಒಬ್ಬನಾದರೆ ಕೈಮುಗಿಯುವ ಜನ, ಒಬ್ಬ ಇಬ್ಬರಾದರೆ ಬೈಯುತ್ತಾರೆಯೇ? ಕಾಲೇಜಿನ ಮುಂದೆ ಮೇಜು ಹಾಕಿಕೊಂಡಿದ್ದ ಸಂಚಾಲಕರಿಗೆ, "ಮಂಜುನಾಥ ಹಿಂದಿನ ಬಸ್ಸಿಗೆ ಬರ್ತಾನ್ರಿ ಸರ್, ನಮ್ಮ ಚಿಕ್ಕಪ್ಪನ ಮಗ" ಎಂದೆ. ಮುಖದ ಹೋಲಿಕೆಗೆ ಕಾರಣ ಬೇಕಲ್ಲ, ಮುಂಚೆಯೇ ಕೊಟ್ಟುಬಿಟ್ಟೆ.

ಬೆಳಿಗ್ಗೆ ಪರ ಮಾತಾಡುವವರ ಸರದಿ. ನಾನು ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿ, ಕೂದಲು ಹಿಂದಕ್ಕೆ ಬಾಚಿ, ಇಂಗ್ಲಿಷ್ ಪದಗಳನ್ನು ಚುರುಮುರಿಗೆ ಶೇಂಗಾ ಉದುರಿಸಿದಂತೆ ಉದುರಿಸಿದೆ. ಸುಂಕವೆಂದರೆ ಗೋಡೆ ಎಂದೆ. ಗೋಡೆ ಕಟ್ಟಿಕೊಂಡವನು ಒಳಗೆ ಸೋಮಾರಿಯಾಗುತ್ತಾನೆ ಎಂದೆ. ಹಡಗಿನಲ್ಲಿ ಅಗ್ಗದ ಪಾಮ್ ಎಣ್ಣೆ ಬಂದರೆ ಬಡವನ ಬಾಣಲೆಯಲ್ಲೂ ಮಿರ್ಚಿ ಚುಯ್ ಎನ್ನುತ್ತದೆ, ಅದನ್ನು ಬಂದರಿನಲ್ಲಿ ತಡೆದು ನಿಲ್ಲಿಸುವುದಕ್ಕೆ ನೀವ್ಯಾರು ಎಂದು ತೀರ್ಪುಗಾರರನ್ನೇ ಕೇಳಿದೆ. ಅಂಕಿ ಅಂಶಗಳೂ ಇದ್ದವು. ಬಸ್ಸಿನಲ್ಲೇ ತಯಾರಿಸಿದ್ದೆ, ಇನ್ನೂ ಬಿಸಿಯಾಗಿದ್ದವು. ಚಪ್ಪಾಳೆ ಬಿತ್ತು. ಕೆಳಗಿಳಿಯುವಾಗ ಮುಂದಿನ ಸಾಲಿನ ಹುಡುಗರು ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು. ಯಾರೂ ಮಾತಾಡಿಸಲಿಲ್ಲ. ಊಟಕ್ಕೆ ಒಬ್ಬನೇ ಕಂಬಕ್ಕೊರಗಿ ನಿಂತೆ. ಶ್ರೀಮಂತರಿಗೆ ಇದೆಲ್ಲ ಇದ್ದದ್ದೇ.

ಊಟವಾದ ಮೇಲೆ ಕಾಲೇಜಿನ ಹಿಂದಿನ ಪಾಯಿಖಾನೆಯಲ್ಲಿ ಶಿವಕುಮಾರ ಹೊಕ್ಕು ಮಂಜುನಾಥ ಹೊರಬಂದ. ಕೂದಲಿಗೆ ಅಂಗೈ ತುಂಬ ಎಣ್ಣೆ, ನಟ್ಟನಡುವೆ ಬೈತಲೆ, ಹಣೆಗೆ ಮೂರು ಗೆರೆ ವಿಭೂತಿ, ಮಾಸಲು ಅಂಗಿ, ನಮ್ಮಜ್ಜನ ಕನ್ನಡಕ. ಆ ಕನ್ನಡಕದಲ್ಲಿ ಜಗತ್ತು ನೀರಿನೊಳಗಿದ್ದಂತೆ ಕಾಣುತ್ತಿತ್ತು; ವೇದಿಕೆಯ ಮೆಟ್ಟಿಲಿಗೆ ಬದಲು ಗಣ್ಯರ ಕುರ್ಚಿ ಹತ್ತಲು ಹೋದೆ. ಸಭೆ ನಕ್ಕಿತು, ಆದರೆ ಅದು ಬೆಳಿಗ್ಗೆ ಕಾಣದ ಥರದ ನಗು, ನನ್ನನ್ನು ಎತ್ತಿ ಕೂರಿಸುವಂಥದ್ದು. ಸಂಚಾಲಕರು, "ನಿಧಾನಪ್ಪ, ಹುಷಾರು" ಎಂದು ಕೈ ಹಿಡಿದು ಮೈಕಿನ ಮುಂದೆ ನಿಲ್ಲಿಸಿದರು.

ವಿರೋಧದ ಭಾಷಣವನ್ನೂ ನಾನು ಬರೆದು ಬಾಯಿಪಾಠ ಮಾಡಿದ್ದೆ. ಆದರೆ ಚೀಟಿ ಕಾಣುತ್ತಿರಲಿಲ್ಲ, ಬಾಯಿಪಾಠವೂ ಎಣ್ಣೆ ಜೊತೆ ಜಾರಿ ಹೋಗಿತ್ತು. ಬಾಯಿಗೆ ಬಂದದ್ದನ್ನು ಶುರು ಮಾಡಿದೆ. "ನಮ್ಮಪ್ಪ ಶೇಂಗಾ ಎಣ್ಣೆ ಮಿಲ್ಲಿನಾಗೆ ಇದ್ರು" ಎಂದೆ. "ಎಣ್ಣೆನ ಅಂಗೈಗೆ ಹಾಕ್ಕಂಡು ತಿಕ್ಕಿ ಮೂಸಿದ್ರು ಅಂದ್ರೆ, ಇದು ಆನಗೋಡಿನ ಶೇಂಗಾ, ಇದು ಬ್ಯಾರೆ ಕಡೇದು ಅಂತ ಹೇಳಿಬಿಡೋರು. ಅದನ್ನ ನೋಡಾಕ ಅಂತಾನೇ ಸಾಲಿ ಬಿಟ್ಟ ಕೂಡ್ಲೆ ನಾನು ಮಿಲ್ಲಿಗೆ ಓಡ್ತಿದ್ದೆ. ಹಡಗಿನ ಎಣ್ಣೆ ಬಂತು, ಮಿಲ್ಲು ನಿಂತೋತು. ಈಗ ಅದೇ ಹಡಗಿನ ಎಣ್ಣೆ ಡಬ್ಬಾನ ಮೊಪೆಡ್ ಮ್ಯಾಲೆ ಇಟ್ಕಂಡು ಈ ಹರಿಹರದ ತನಕ ಹೋಟೆಲ್ ಹೋಟೆಲಿಗೆ ಹಾಕ್ತಾರೆ. ಸಾಯಂಕಾಲ ಮನೆಗೆ ಬಂದು ಒಂದೊಂದ್ಸಲ ಅಂಗೈ ಮೂಸ್ಕಂತಾರೆ. ಅದಕ್ಕ ವಾಸನೇನೇ ಇಲ್ಲ. ಬೆಳಿಗ್ಗೆ ನಮ್ಮ ದೊಡ್ಡಪ್ಪನ ಮಗ ಶಿವಕುಮಾರ ಹೇಳ್ದ, ಮಿರ್ಚಿ ಅಗ್ಗ ಆತು ಅಂತ. ಖರೇ ಐತೆ. ನಮ್ಮಪ್ಪ ತಿನ್ನಾಂಗಿಲ್ಲ ಅಷ್ಟೇ."

ಇದು ನಾಟಕ ಎಂದು ನೀವು ತಿಳಿಯಬೇಕು. ಅಪ್ಪ ನನ್ನ ಅಪ್ಪನೇ, ಮಿಲ್ಲೂ ದಾವಣಗೆರೆಯಲ್ಲೇ ಇತ್ತು, ಅಂಗೈ ಮೂಸುವುದೂ ನಿಜವೇ. ಆದರೆ ಇದನ್ನೆಲ್ಲ ಹೇಳಿದ್ದು ಮಂಜುನಾಥ. ನಾನು ಶಿವಕುಮಾರನಾಗಿ ಯಾರಿಗೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ. ಗಂಟೆ ಬಾರಿಸಬೇಕಾದವನು ಬಾರಿಸುವುದನ್ನೇ ಮರೆತು ಚಪ್ಪಾಳೆ ತಟ್ಟಿದ; ಸಭೆಯೆಲ್ಲ ಸೇರಿಕೊಂಡಿತು.

ಕೆಳಗಿಳಿದಾಗ ಹರಿಹರದ ಹುಡುಗನೊಬ್ಬ ನನ್ನ ತೋಳು ಹಿಡಿದುಕೊಂಡ. ರುದ್ರೇಶ ಅಂತೆ. "ಬಾರಪ್ಪ ಚಾ ಕುಡಿಯೋಣ" ಎಂದು ಎಳೆದುಕೊಂಡು ಹೋದ. ಅವನ ಮೂವರು ಗೆಳೆಯರೂ ಬಂದರು. ಹಿಂದಿನ ಅಂಗಳದಲ್ಲಿ ಸಂಜೆಯ ಮಿರ್ಚಿಗೆ ಒಲೆ ಹಚ್ಚುತ್ತಿದ್ದರು. ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಟ್ಟು, ನನ್ನನ್ನು ನಡುವೆ ಕೂರಿಸಿಕೊಂಡರು.

"ಅಲ್ಲೋ ಮಂಜು," ಎಂದ ರುದ್ರೇಶ, ಆಗಲೇ ಮಂಜು ಆಗಿದ್ದೆ, "ಬೆಳಿಗ್ಗೆ ಒಬ್ಬ ಬಂದಿದ್ನಲ್ಲ, ನಿಮ್ಮ ದೊಡ್ಡಪ್ಪನ ಮಗ. ಅವನ್ನ ಹೆಂಗೆ ತಡ್ಕಂತೀಯೋ?"

"ಯಾಕ?"

"ಏನ್ ಕೊಚ್ಕಂತಾನಲೇ ಅವನು! ಊಟದಾಗೆ ಕಂಬದ ಹತ್ರ ನಿಂತಿದ್ದ. ಕರಿಯಾನ ಅಂತಿದ್ದೆ ನೋಡು, ಕರೆದ್ರೆ ಎಲ್ಲಿ ಮತ್ತೆ ಭಾಷಣ ಶುರು ಮಾಡ್ತಾನೋ ಅಂತ ಸುಮ್ನಾದೆ."

ಇಲ್ಲಿ ಶಿವಕುಮಾರನ ಪರವಾಗಿ ಯಾರಾದರೂ ಒಂದು ಮಾತು ಆಡಬೇಕಿತ್ತು. ಅಲ್ಲಿದ್ದವರಲ್ಲಿ ಅವನನ್ನು ಬಲ್ಲವನು ನಾನೊಬ್ಬನೇ. ಆದರೆ ಚಾ ಬಿಸಿಯಾಗಿತ್ತು, ಎರಡೂ ಕಡೆಯಿಂದ ಭುಜಗಳು ತಾಗುತ್ತಿದ್ದವು. "ಮನೆಯಾಗೂ ಹಂಗೇ ಕಣ್ರಪ್ಪ, ಕಾಗೆ ಜೊತಿಗೂ ಇಂಗ್ಲಿಷಿನಾಗೆ ಮಾತಾಡ್ತಾನೆ" ಎಂದುಬಿಟ್ಟೆ. ಬಿದ್ದು ಬಿದ್ದು ನಕ್ಕರು. ನಾನೂ ಸೇರಿಕೊಂಡು ಅವನ ನಡಿಗೆ, ಅವನ ಬಾಚಣಿಗೆ, ಅವನ ಒಂಟಿ ಬೆಂಚು ಎಲ್ಲವನ್ನೂ ಆಡಿಕೊಂಡೆ. ಅಷ್ಟು ಮಜಾ ನನಗೆ ಜನ್ಮದಲ್ಲಿ ಬಂದಿರಲಿಲ್ಲ. ರುದ್ರೇಶ, "ಬರೋ ಭಾನುವಾರ ಬಾರೋ, ಹೊಳಿಗೆ ಈಜಾಕ ಹೋಗೋಣ" ಎಂದ. ಬರುತ್ತೇನೆ ಎಂದೆ. ಒಂದು ಕಡೆ ಖುಷಿ. ಇನ್ನೊಂದು ಕಡೆ ಆ ಮಂಜುನಾಥನ ಮೇಲೆ ಕೆಟ್ಟ ಹೊಟ್ಟೆಕಿಚ್ಚು. ಈಜುವಾಗ ಕನ್ನಡಕ, ವಿಭೂತಿ ಏನು ಮಾಡುವುದು ಎಂಬ ಚಿಂತೆಯೂ ಶುರುವಾಯಿತು.

ಅಷ್ಟರಲ್ಲಿ ಫಲಿತಾಂಶ. ಶೀಲ್ಡು ದಾವಣಗೆರೆಗೆ! ಮಂಜುನಾಥನಾಗಿ ಓಡಿ ಹೋಗಿ ಕೈ ಚಾಚಿದೆ. ಸಂಚಾಲಕರು ಶೀಲ್ಡನ್ನು ಹಿಂದಕ್ಕೆಳೆದುಕೊಂಡು, "ಇಬ್ರೂ ಬರ್ಬೇಕಪ್ಪ, ಜೋಡಿ ಫೋಟೋ ತೆಗೀಬೇಕು" ಎಂದರು. ಫೋಟೋದವನು ಕ್ಯಾಮೆರಾ ಎತ್ತಿ, ನನ್ನ ಪಕ್ಕದ ಖಾಲಿ ಜಾಗಕ್ಕೆ ಗುರಿಯಿಟ್ಟುಕೊಂಡು ಕಾದ.

"ಅವನು ಬಸ್‌ಸ್ಟ್ಯಾಂಡಿಗೆ ಹೋದ್ನೇನೋ ಸರ್," ಎಂದೆ.

"ಶೀಲ್ಡು ಬಿಟ್ಟು ಯಾರ್ ಹೋಗ್ತಾರೆ? ಇಲ್ಲೇ ಎಲ್ಲೋ ಇರ್ತಾನೆ ತಡಿ," ಎಂದವರೇ ಮೈಕು ಹಿಡಿದರು. "ದಾವಣಗೆರೆಯ ಶಿವಕುಮಾರ ಎಲ್ಲಿದ್ದರೂ ವೇದಿಕೆಗೆ ಬರಬೇಕು. ದಾವಣಗೆರೆಯ ಶಿವಕುಮಾರ..." ಹೊರಗಿನ ಅಂಗಳಕ್ಕೂ ಲೌಡ್‌ಸ್ಪೀಕರ್ ಕಟ್ಟಿದ್ದರು. ಮೂರನೆಯ ಸಲ ಕೂಗುವಾಗ ಬಾಗಿಲಲ್ಲಿ ಯಾರೋ ಅಡ್ಡ ನಿಂತಂತಾಯಿತು. ಕನ್ನಡಕದ ನೀರಿನೊಳಗಿಂದಲೂ ನನಗೆ ಆ ಎಣ್ಣೆ ಕಲೆಯ ಅಂಗಿಯ ಗುರುತು ಹತ್ತಿತು. ಮಿರ್ಚಿಯವರಿಗೆ ಡಬ್ಬ ಹಾಕಲು ಬಂದಿದ್ದ ನಮ್ಮಪ್ಪ.

"ನಮ್ಮ ಹುಡುಗನ ಹೆಸ್ರು ಕರ್ದಂಗಾತ್ರಿ," ಎಂದು ಗಾಬರಿಯಿಂದ ಒಳಗೆ ಬಂದರು. "ಏನಾತ್ರಿ ಅವನಿಗೆ?"

"ಏನೂ ಆಗಿಲ್ರಿ, ಬರ್ರಿ ಬರ್ರಿ," ಎಂದರು ಸಂಚಾಲಕರು. "ಗೆದ್ದಾನೆ ನಿಮ್ಮ ಹುಡುಗ. ಅವನನ್ನೇ ಹುಡುಕ್ತಾ ಇದೀವಿ."

ಅಪ್ಪ ವೇದಿಕೆಯತ್ತ ನೋಡಿದರು. "ಹುಡುಕೋದೇನ್ರಿ, ನಿಮ್ಮ ಪಕ್ಕದಾಗೇ ನಿಂತಾನಲ್ರಿ!"

"ಇವನು ಮಂಜುನಾಥ ಅಲ್ಲೇನ್ರಿ? ನಿಮ್ಮ ತಮ್ಮನ ಮಗ?"

"ನನಗೆ ತಮ್ಮ ಇಲ್ರಿ."

"ಹಂಗಾದ್ರೆ ಇವನ ಜೊತಿಗೆ ಬಂದೋನು ಯಾರ್ರಿ?"

ಮೂರನೆಯ ಸಾಲಿನಲ್ಲಿ ರುದ್ರೇಶ ಎದ್ದು ನಿಂತಿದ್ದ. ಅಪ್ಪನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಮನೆಯಲ್ಲಿ ಅವ್ವನ ಹತ್ತಿರ ಹೇಳುವಂತೆ, ಮೆತ್ತಗೆ, ಮೈಕು ಹತ್ತಿರದಲ್ಲೇ ಇದೆ ಎಂಬುದು ಗೊತ್ತಿಲ್ಲದೆ ಹೇಳಿದರು:

"ಇವನ ಜೊತಿಗೆ ಯಾರ್ ಬರ್ತಾರ್ರಿ ಸರ್. ಗೆಳೇರು ಅಂತ ಒಬ್ರೂ ಇಲ್ಲ. ಎರಡು ವಾರದಿಂದ ಕೋಣ್ಯಾಗೆ ತಾನೇ ಒಂದು ಮಾತು ಕೇಳ್ತಾನೆ, ತಾನೇ ಉತ್ತರ ಹೇಳ್ತಾನೆ. ನಾನೂ ಇವ್ರವ್ವನೂ ಬಾಗಿಲ ಹೊರಗೆ ನಿಂತ್ಕಂಡು ಕೇಳ್ತೀವ್ರಿ. ಒಳಗೆ ಹೋದ್ರೆ ಎಲ್ಲಿ ನಿಲ್ಲಿಸಿಬಿಡ್ತಾನೋ ಅಂತ ಹೋಗಿಲ್ಲ."

ಬೆಳಿಗ್ಗೆಯಿಂದ ಎರಡೂ ಕಡೆ ಮಾತಾಡಿ ಗೆದ್ದವನು ನಾನು. ಅಜ್ಜನ ಕನ್ನಡಕ ತೆಗೆದು, ಫೋಟೋದವನು ಗುರಿಯಿಟ್ಟು ಕಾಯುತ್ತಿದ್ದ ಖಾಲಿ ಜಾಗಕ್ಕೆ, ವಿರೋಧದಿಂದ ಪರದ ಕಡೆಗೆ, ಒಂದು ಹೆಜ್ಜೆ ಸರಿದು ನಿಂತೆ.