ಸೈಕಲ್ ಹತ್ತದ ಕಾಕಾನ ಸೈಕಲ್ ಚಳವಳಿ

ನಮ್ಮ ಸದಲಗಾದಲ್ಲಿ ಸೈಕಲ್ಲಿನ ವಿಷಯಕ್ಕೆ ನನ್ನ ಕಾಕಾನಷ್ಟು ಹೆಸರು ಮಾಡಿದವರು ಇನ್ನೊಬ್ಬರಿಲ್ಲ. ಸೈಕಲ್ ಹೇಗೆ ಹೊಡೆಯಬೇಕು, ಎಲ್ಲಿ ಇಳಿಯಬೇಕು, ಗಂಟೆ ಯಾವಾಗ ಬಾರಿಸಬೇಕು ಎಂದು ಇಡೀ ಊರಿಗೆ ಪಾಠ ಹೇಳಿದವನು ಅವನು. ಅವನ ಬಗ್ಗೆ ತಿಳಿದಿರಬೇಕಾದ ಇನ್ನೊಂದು ಸಣ್ಣ ಸಂಗತಿ ಏನೆಂದರೆ, ಜನ್ಮದಲ್ಲಿ ಒಮ್ಮೆಯೂ ಅವನು ಸೈಕಲ್ ಹತ್ತಿದವನಲ್ಲ!

ಹಾಗಂತ ಅವನ ಹತ್ತಿರ ಸೈಕಲ್ ಇರಲಿಲ್ಲವೆಂದಲ್ಲ. ಮದುವೆಯಲ್ಲಿ ಮಾವ ಕೊಟ್ಟದ್ದು ಇತ್ತು. ಕನ್ನಡಿ, ಡೈನಮೋ, ಹಿಂದೆ ಕೆಂಪು ದೀಪ, ಗಟ್ಟಿಮುಟ್ಟಾದ ಕ್ಯಾರಿಯರ್, ಯಾವುದಕ್ಕೂ ಕೊರತೆಯಿಲ್ಲ. ರವಿವಾರ ಬಂತೆಂದರೆ ಅದಕ್ಕೆ ಎಣ್ಣೆಯ ಉಪಚಾರ. ಬೆಳಿಗ್ಗೆ ಹ್ಯಾಂಡಲ್ ಹಿಡಿದು ಮನೆಯಿಂದ ತನ್ನ ಟೇಲರ್ ಅಂಗಡಿಯವರೆಗೆ ಅದನ್ನು ನಡೆಸಿಕೊಂಡು ಹೋಗುವುದು, ಸಂಜೆ ನಡೆಸಿಕೊಂಡು ಬರುವುದು. ಎಮ್ಮೆಯನ್ನು ಹೊಳೆಗೆ ಒಯ್ದಂತೆ! ಯಾಕೆ ಹತ್ತುವುದಿಲ್ಲ ಎಂದು ಕೇಳಿದರೆ ಗಂಭೀರವಾಗಿ, "ಹತ್ತಿದವಗ ಮುಂದಿನ ಗಾಲಿ ಅಷ್ಟ ಕಾಣಸ್ತೈತಿ. ನಡಿಯಾವಗ ಇಡೀ ರಸ್ತಾ ಕಾಣಸ್ತೈತಿ" ಎನ್ನುತ್ತಿದ್ದ. ಎಲ್ಲ ಬೀಳುವ ಭಯ ಎಂದು ಕಾಕು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು.

ಕಾಕು, ಅಂದರೆ ಅವನ ಹೆಂಡತಿ, ತೋಟದ ಶಾಲೆಯಲ್ಲಿ ಅಕ್ಕೋರು. ನಮ್ಮ ಕಡೆ ರೈತರು ಕಬ್ಬಿನ ಹೊಲದಲ್ಲೇ ಮನೆ ಕಟ್ಟಿಕೊಂಡಿರುತ್ತಾರಾದ್ದರಿಂದ ಶಾಲೆಯೂ ಅವರ ಹಿಂದೆಯೇ ಹೊಲಕ್ಕೆ ಹೋಗಿದೆ. ಬಸ್ಸು ಮಾತ್ರ ಹೋಗಿರಲಿಲ್ಲ. ಎಂಬತ್ತರ ದಶಕದಲ್ಲಿ ಊರ ನಡುವೆ ಸೆರಗು ಸಿಕ್ಕಿಸಿಕೊಂಡು ತನ್ನದೇ ಇನ್ನೊಂದು ಸೈಕಲ್ ಹೊಡೆದ ಮೊದಲ ಹೆಂಗಸು ಅವಳೇ. ಜನ ಮೊದಮೊದಲು ಅಂಗಡಿಗಳಿಂದ ಎದ್ದು ಬಂದು ನೋಡಿದರು, ಆಮೇಲೆ ನೋಡಿ ನೋಡಿ ಬೇಸತ್ತು ಕೂತರು.

ತೊಂದರೆ ಶುರುವಾಗುತ್ತಿದ್ದದ್ದು ಕಬ್ಬಿನ ಹಂಗಾಮಿನಲ್ಲಿ. ದೀಪಾವಳಿ ದಾಟಿತೆಂದರೆ ರಸ್ತೆಯೆಲ್ಲ ಫ್ಯಾಕ್ಟರಿಗೆ ಹೊರಟ ಕಬ್ಬಿನದೇ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಎರಡೂ ಬದಿಗೆ ಚಾಚಿದ ಕಬ್ಬು, ಹಿಂದೆ ದೀಪ ಎಂಬ ಪದಾರ್ಥವೇ ಇಲ್ಲ! ಒಂದು ಸಂಜೆ ಮಬ್ಬಿನಲ್ಲಿ ಹಾಗೆ ನಿಂತಿದ್ದ ಟ್ರೇಲರಿಗೆ ಕಾಕು ಹೋಗಿ ತಾಗಿದಳು. ಕೆನ್ನೆ ಗೀರಿತ್ತು, ಸೆರಗು ಹರಿದಿತ್ತು. ಕಾಕಾ ಸೆರಗು ಹೊಲಿದು ಕೊಟ್ಟ. ಆಮೇಲೆ, ಹಂಗಾಮು ಮುಗಿಯುವ ತನಕ ರಜೆ ಹಾಕು ಎಂದ.

"ರಜಾ ಹಾಕಾಂಗಿಲ್ಲ, ಸೈಕಲ್ಲೂ ಬಿಡಾಂಗಿಲ್ಲ," ಎಂದಳು ಕಾಕು. "ಅಷ್ಟು ಕಾಳಜಿ ಇದ್ರ ಆ ಗಾಡಿಯವ್ರಿಗೆ ಹೋಗಿ ಹೇಳ್ರಿ."

ಅವಳು ಅಂದದ್ದು ಸಿಟ್ಟಿನಲ್ಲಿ. ಕಾಕಾ ಅದನ್ನು ಅಪ್ಪಣೆ ಎಂದೇ ತಿಳಿದ. ಹೆಂಡತಿ ಸಂಜೆ ನೆಟ್ಟಗೆ ಮನೆಗೆ ಬರಬೇಕು, ಅಷ್ಟೇ ಅವನ ಬೇಡಿಕೆ. ಅದಕ್ಕಾಗಿ ಇಡೀ ಊರನ್ನೇ ತಿದ್ದಬೇಕಾಗಿ ಬಂದರೆ ಪಾಪ, ಅವನಾದರೂ ಏನು ಮಾಡಿಯಾನು?

ಚಳವಳಿ ಶುರುವಾದದ್ದು ಕೆಂಪು ಬಟ್ಟೆಯಿಂದ. ಊರು ದಾಟುವ ಪ್ರತಿ ಟ್ರೇಲರಿನ ಹಿಂದೆ ಒಂದು ಕೆಂಪು ತುಂಡು ಕಟ್ಟುವುದು. ಟೇಲರನ ಅಂಗಡಿಯಲ್ಲಿ ಚೂರು ಬಟ್ಟೆಗೆ ಬರವೇ? ಆದರೆ ಕೆಂಪು ಚೂರು ಬೇಗ ಮುಗಿದವು, ಟ್ರೇಲರುಗಳು ಮುಗಿಯಲಿಲ್ಲ. ಆ ವರ್ಷ ಊರ ಹೆಂಗಸರ ಕೆಂಪು ಕುಪ್ಪಸಗಳ ತೋಳುಗಳೆಲ್ಲ ಯಾಕೋ ಗಿಡ್ಡವಾದವು. ಕೇಳಿದವರಿಗೆ ಹೊಸ ಫ್ಯಾಶನ್ ಎನ್ನುತ್ತಿದ್ದ. ಕೊನೆಗೊಂದು ದಿನ ಟ್ರ್ಯಾಕ್ಟರ್ ಮಾಲಕನ ಹೆಂಡತಿ ತಮ್ಮದೇ ಗಾಡಿಯ ಹಿಂದೆ ತನ್ನ ಜರಿಯಂಚಿನ ತುಂಡು ಹಾರುವುದನ್ನು ಕಂಡು ನೆಟ್ಟಗೆ ಅಂಗಡಿಗೇ ಬಂದಳು. ಕಾಕಾ ಮಶಿನ್‌ನಿಂದ ತಲೆ ಎತ್ತದೆ, "ನಿಮ್ಮ ಅರಿವಿ ನಿಮ್ಮ ಗಾಡಿಗೇ ಕಟ್ಟೇನ್ರಿ ಅಕ್ಕಾರ, ಬ್ಯಾರೆಯವ್ರಿಗೆ ಕೊಟ್ಟಿಲ್ಲ" ಎಂದ.

ಆಮೇಲೆ ಅವನ ಕೊರಳಿನ ಟೇಪು ರಸ್ತೆಗಿಳಿಯಿತು. ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಕಬ್ಬು ಎಷ್ಟು ಹೊರಗೆ ಚಾಚಿದೆ ಎಂದು ಅಳೆಯುವುದು, ಎದೆಯ ಸುತ್ತಳತೆ ಹೆಚ್ಚಾಯಿತು, ಎರಡೂ ಬದಿ ಒಳಗೆ ಹಿಡಿ ಎಂದು ಹಗ್ಗ ಬಿಗಿಸುವುದು! ಕೊಲ್ಹಾಪುರದ ಕಡೆಯ ಎತ್ತಿನ ಗಾಡಿಯವನೊಬ್ಬ ಚೇಷ್ಟೆಗೆ, "ಕಾಕಾ, ಬೈಲಾಂಚಂ ಪಣ ಮಾಪ ಘ್ಯಾ" ಎಂದು ಎತ್ತುಗಳ ಅಳತೆಯನ್ನೂ ತೆಗೆದುಕೊಳ್ಳಲು ಹೇಳಿದ. ಕಾಕಾ ತೆಗೆದುಕೊಂಡ. ಮುಂದಿನ ವಾರ ಎರಡೂ ಎತ್ತುಗಳಿಗೆ ಅಳತೆಗೆ ಸರಿಯಾಗಿ ಹೊಲಿದ ಕೆಂಪು ಝೂಲು ಹೊದಿಸಿ ಕಳಿಸಿದ. ಅಂದಿನಿಂದ ಆ ಗಾಡಿಯವನು ನಮ್ಮ ಊರ ಹದ್ದಿಗೆ ಬಂದ ಕೂಡಲೇ ತಾನಾಗಿಯೇ ಹಗ್ಗ ಬಿಗಿಯುತ್ತಿದ್ದ.

ಗಾಡಿಯವರಾದ ಮೇಲೆ ಸೈಕಲ್ಲಿನವರ ಸರದಿ. ನಮ್ಮ ಹಾಲಿನವರು ಎರಡು ಬದಿಗೆ ಎರಡು ದೊಡ್ಡ ಕ್ಯಾನ್ ತೂಗಹಾಕಿಕೊಂಡು ಬಾಣದಂತೆ ಬರುತ್ತಿದ್ದರು. ಬ್ರೇಕು ಯಾರಿಗೂ ಇರಲಿಲ್ಲ, ಚಪ್ಪಲಿ ಊರಿ ನಿಲ್ಲಿಸುವುದು. ಮರುವರ್ಷ ದಸರೆಯಲ್ಲಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಎಲ್ಲರೂ ಸೈಕಲ್ ತೊಳೆದು ಚೆಂಡುಹೂವಿನ ಹಾರ ಹಾಕಲು ನಿಂತಾಗ ಕಾಕಾ ಹೋಗಿ ಒಬ್ಬನನ್ನು ಬ್ರೇಕ್ ಎಲ್ಲಿ ಎಂದು ಕೇಳಿದ. ಕಾಲಿನಲ್ಲಿದೆ ಎಂದು ಅವನು ಹಲ್ಲು ಕಿಸಿದ.

"ಹಂಗಾರ ಸೈಕಲ್ಲಿಗೆ ಯಾಕ ಹಾರ? ಚಪ್ಪಲಿ ತಗೊಂಡ ಬಾ, ಅದಕ್ಕ ಹಾಕೂನು."

ಸುತ್ತಲಿನವರು ನಕ್ಕ ನಗೆಗೆ ಅವನು ಅಂದು ಸಂಜೆಯೊಳಗೇ ಬ್ರೇಕ್ ಹಾಕಿಸಿದ.

ಇಷ್ಟಕ್ಕೇ ಬಿಟ್ಟಿದ್ದರೆ ಅವನ ಮಾನ ಉಳಿಯುತ್ತಿತ್ತು. ಅವನಿಗೆ ಮೆರವಣಿಗೆಯ ಹುಚ್ಚು ಹಿಡಿಯಿತು. ಸುರಕ್ಷಿತ ಸೈಕಲ್ ಮೆರವಣಿಗೆ! ಊರಿನ ಸೈಕಲ್ಲುಗಳೆಲ್ಲ ಸೇರಿದವು. ಮುಂದಾಳು ಕಾಕಾ, ಎಂದಿನಂತೆ ತನ್ನ ಸೈಕಲ್ ಹಿಡಿದು ನಡೆಯುತ್ತಿದ್ದಾನೆ. ಮುಂದಾಳುವನ್ನು ದಾಟಿ ಯಾರೂ ಹೋಗಬಾರದು, ಕಾಲು ಊರಬಾರದು, ಇದು ಅವನ ಶಿಸ್ತು. ಮನುಷ್ಯನ ನಡಿಗೆಯ ವೇಗದಲ್ಲಿ ಸೈಕಲ್ ಹೊಡೆದು ನೋಡಿದ್ದೀರಾ? ಬಸ್ ನಿಲ್ದಾಣ ಬರುವುದರೊಳಗೆ ಹ್ಯಾಂಡಲುಗಳೆಲ್ಲ ಓಲಾಡಿ, ಒಬ್ಬರ ಮೇಲೊಬ್ಬರು ಉರುಳಿ, ಒಂದು ಹಾಲಿನ ಕ್ಯಾನ್ ಚರಂಡಿ ಸೇರಿ, ಊರಿನಲ್ಲಿ ಎಂದೂ ಆಗದಷ್ಟು ಸೈಕಲ್ ಅಪಘಾತಗಳು ಆ ಒಂದೇ ಮೆರವಣಿಗೆಯಲ್ಲಿ ಆದವು. ಕೊನೆಯ ತನಕ ಕಾಲು ಊರದೆ ಬಂದವಳು ಕಾಕು ಒಬ್ಬಳೇ. ಕಾಕಾ ಹಿಂದಿರುಗಿ ನೋಡಿ, ಮೆರವಣಿಗೆ ಎಲ್ಲಿ ಹೋಯಿತು ಎಂದು ಅವಳನ್ನೇ ಕೇಳಿದ.

ಅವನ ಕಾಯಿದೆಗಳಲ್ಲಿ ಜನ ಅತಿ ಹೆಚ್ಚು ಬೈದುಕೊಂಡದ್ದು ಡಬ್ಬಲ್ ಸೀಟ್ ಬೇಡ ಎನ್ನುವುದನ್ನು. ಒಂದು ಸೈಕಲ್ ಮೇಲೆ ಇಬ್ಬರು ಕಂಡರೆ ಒಬ್ಬರು ಇಳಿಯಲೇಬೇಕು. ಹೊಸ ಅಳಿಯನೊಬ್ಬ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಪಕ್ಕದೂರು ಭೋಜದಿಂದ ಅತ್ತೆಯ ಮನೆಗೆ ಬಂದರೆ, ಅಂಗಡಿಯ ಮುಂದೆ ಹೆಂಡತಿ ಇಳಿಯಬೇಕಾಯಿತು. ಆಕೆಯ ಗಂಟನ್ನು ಕಾಕಾ ತನ್ನ ಕ್ಯಾರಿಯರ್ ಮೇಲಿಟ್ಟುಕೊಂಡು ಮನೆಯ ಬಾಗಿಲವರೆಗೆ ನಡೆದ. ಅಳಿಯ ಆ ಸಲ ಸರಿಯಾಗಿ ಊಟವನ್ನೂ ಮಾಡಲಿಲ್ಲವಂತೆ.

ತೊಂಬತ್ತರ ದಶಕ ಬಂತು. ಕಾಕುವಿನ ಮೊಣಕಾಲು ಕೈಕೊಟ್ಟಿತು. ಪೆಡಲ್ ತುಳಿಯಲಾಗದು, ಅಷ್ಟು ದೂರ ನಡೆಯಲಾಗದು. ನೌಕರಿ ಬಿಟ್ಟುಬಿಡುತ್ತೇನೆ ಎಂದು ಅವಳು ಒಂದು ರಾತ್ರಿ ಒಲೆಯ ಮುಂದೆ ಕೂತು ಹೇಳಿದಳು. ಅವಳು ಶಾಲೆ ಬಿಟ್ಟು ಮನೆಯಲ್ಲಿ ಕೂತರೆ ಅವನ ಭಯವೆಲ್ಲ ಒಂದೇ ಏಟಿಗೆ ಮುಗಿಯುತ್ತಿತ್ತು. ಅವನು ಬೇಡಿದ್ದೂ ಅದನ್ನೇ ಅಲ್ಲವೇ?

ಮರುದಿನ ಬೆಳಿಗ್ಗೆ ನೋಡಿದರೆ ಕಾಕಾನ ಕ್ಯಾರಿಯರ್ ಮೇಲೆ ಕೆಂಪು ಚೂರುಗಳನ್ನು ಜೋಡಿಸಿ ಹೊಲಿದ ದಪ್ಪ ದಿಂಬು. ಕೂತುಕೋ ಎಂದ. ಕಾಕು ಅವನ ಮುಖ ನೋಡಿದಳು.

"ಡಬ್ಬಲ್ ಸೀಟ್ ಬ್ಯಾಡಂತ ಊರಿಗೆಲ್ಲ ಹೇಳಾವ್ರು ನೀವ."

"ನಾ ಎಲ್ಲಿ ಹತ್ತತೇನಿ? ನೀ ಒಬ್ಬಾಕಿನ ಸವಾರಿ," ಎಂದು ಕಾಕಾ ಹ್ಯಾಂಡಲ್ ಹಿಡಿದ. "ಶಾಲಿ ಬಿಡಬ್ಯಾಡ. ನಾ ನಡಿತೇನಿ."

ನಾನು ಅಂಗಡಿಯ ಮೂಲೆಯಲ್ಲಿ ನಿಂತು ನೋಡಿದೆ. ಕಾಕು ಒಂದು ಕೈಯಲ್ಲಿ ಸೀಟು ಹಿಡಿದು, ನಾಚಿಕೊಂಡು, ಮೆಲ್ಲಗೆ ನಗುತ್ತ ಕೂತಿದ್ದಾಳೆ. ಕಾಕಾ ಇಡೀ ರಸ್ತೆ ನೋಡುತ್ತ ನಡೆಯುತ್ತಿದ್ದಾನೆ. ಇಷ್ಟು ವರ್ಷ ಆ ನಡಿಗೆಗೆ ನಕ್ಕವನು ನಾನು. ಅಂದು ನಗು ಬರಲಿಲ್ಲ, ಮನಸ್ಸು ತುಂಬಿ ಬಂತು.

ಅವರ ಹಿಂದೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಈಗ ಡ್ರೈವರ್ ಹಾರ್ನ್ ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿಲ್ಲ, ವೇಗ ತಗ್ಗಿಸಿ ಕಾಕಾನ ನಡಿಗೆಗೆ ಬಂದ. ಅದರ ಹಿಂದೆ ಹಾಲಿನವರು. ಅಷ್ಟು ನಿಧಾನಕ್ಕೆ ಸೈಕಲ್ ಹೊಡೆಯಲು ಬರುವುದಿಲ್ಲವೆಂದು ಅವರಿಗೆ ಮೊದಲೇ ಗೊತ್ತಿತ್ತಲ್ಲ, ಒಬ್ಬೊಬ್ಬರಾಗಿ ಇಳಿದು ಸೈಕಲ್ ಹಿಡಿದುಕೊಂಡು ನಡೆದರು.

ಕಾಕಾನ ಆ ಮೆರವಣಿಗೆಯಲ್ಲಿ ಒಬ್ಬರೂ ಬೀಳಲಿಲ್ಲ.