ಉರಿ ಹೋದ ದಿನ

ಆವತ್ತು ಬೆಳಗ್ಗೆ ಎದ್ದಾಗ ಓಂಕಾರಮೂರ್ತಿ ಮೇಷ್ಟ್ರ ಅಂಗಾಲು ಉರಿಯುತ್ತಿರಲಿಲ್ಲ. ಎಲ್ಲ ಫಜೀತಿಯೂ ಅಲ್ಲಿಂದಲೇ ಶುರುವಾಯಿತು.

ಮೊದಲು ಅವರಿಗೆ ತಾನು ಸತ್ತುಹೋಗಿರಬಹುದೇ ಎಂಬ ಅನುಮಾನ ಬಂತು. ಬೆರಳು ಆಡಿಸಿ ನೋಡಿದರು, ಆಡಿದವು. ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡರು, ಬರೀ ಹೊದಿಕೆಯಾಗಿಯೇ ಇತ್ತು. ನಿನ್ನೆಯವರೆಗೆ ಅದೇ ಹೊದಿಕೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು.

"ಸರ್ವಮಂಗಳಾ, ಉರಿ ಹೋಯ್ತು ಕಣೇ!" ಎಂದು ಕೂಗಿದರು.

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಮೊನ್ನೆ ಮೊನ್ನೆ ಸಿಲಿಂಡರ್ ಬಂದೈತಲ್ರೀ!"

ಮೊಳಕಾಲ್ಮೂರಿನ ಪ್ರೌಢಶಾಲೆಯೊಂದರಲ್ಲಿ ಅವರು ಪಿಟಿ ಮೇಷ್ಟ್ರು. ಸಕ್ಕರೆ ಕಾಯಿಲೆ ಬಂದು ಬಹಳ ಕಾಲವಾಗಿತ್ತು. ಅದನ್ನು ದೂರದ ನೆಂಟನ ಹಾಗೆ, ಕಂಡೂ ಕಾಣದಂತೆ ಮನೆಯಲ್ಲಿ ಇಟ್ಟುಕೊಂಡಿದ್ದರು. ಆ ನೆಂಟ ಕಾಲಿಗಿಳಿದ ಮೇಲೆ ಮಾತ್ರ ನಿದ್ದೆ, ಊಟ, ಮರ್ಯಾದೆ ಮೂರೂ ಹೋದವು. ರಾತ್ರಿಯೆಲ್ಲ ಬಕೆಟ್ ನೀರಿನಲ್ಲಿ ಕಾಲಿಟ್ಟುಕೊಂಡು ಕೂರುವುದು, ಬೆಳಗ್ಗೆ ಹವಾಯಿ ಚಪ್ಪಲಿಯಲ್ಲಿ ಡ್ರಿಲ್ ಮಾಡಿಸುವುದು. "ಶೂ ಹಾಕದ ಪಿಟಿ ಮೇಷ್ಟ್ರು ಅಂದ್ರೆ ತಾಳ ಇಲ್ಲದ ಭಜನೆ ಕಣ್ರೀ," ಎಂದು ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಅಂದಿದ್ದರು. ಈ ಕಾಲು ಕಡಿದು ಹಾಕಿದರೆ ಸಾಕಪ್ಪಾ ಎಂದು ಮೇಷ್ಟ್ರು ಎಷ್ಟೋ ಸಲ ಗೋಡೆಗೆ ಹೇಳಿಕೊಂಡು ಅತ್ತಿದ್ದರು.

ಔಷಧಿ ಮಾಡಿಸಿರಲಿಲ್ಲ ಎಂದಲ್ಲ. ಚಳ್ಳಕೆರೆಯ ಡಾಕ್ಟರ್ ಶೈಲಜಾ ಕೊಟ್ಟ ಮಾತ್ರೆ ಉರಿಯನ್ನು ಅರ್ಧ ಇಳಿಸಿತು, ಮೇಷ್ಟ್ರನ್ನು ಪೂರ್ತಿ ಇಳಿಸಿತು. ಬೆಳಗಿನ ಪ್ರಾರ್ಥನೆಯಲ್ಲಿ 'ಸಾವಧಾನ್' ಎಂದು ಕೂಗಿ, 'ವಿಶ್ರಾಮ್' ಹೇಳುವ ಮುಂಚೆ ನಿಂತಲ್ಲೇ ನಿದ್ದೆಹೋದರು. ಇಡೀ ಶಾಲೆ ಬಿಸಿಲಿನಲ್ಲಿ ಕಂಬದ ಹಾಗೆ ನಿಂತಿತ್ತು. "ನಿದ್ದೆ ಬಂದ್ರೆ ಹೇಳಿ, ಕಡಿಮೆ ಮಾಡಿ ಬೇರೆ ಕೊಡ್ತೀನಿ," ಎಂದು ಡಾಕ್ಟರು ಮೊದಲೇ ಹೇಳಿದ್ದರು. ಮೇಷ್ಟ್ರು ಮತ್ತೆ ಹೋಗಲಿಲ್ಲ. ಮಾತ್ರೆ ಬಿಟ್ಟು ಅಕ್ಕಪಕ್ಕದವರ ಕೈಗೆ ಕಾಲು ಕೊಟ್ಟರು.

ಎದುರುಮನೆಯ ಸೂರಮ್ಮ ಹರಳೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಹಚ್ಚಿದರು. ನಾಯಿಗಳು ಮೇಷ್ಟ್ರ ಹಿಂದೆ ಬರತೊಡಗಿದವು. ಪಕ್ಕದ ಮನೆಯ ತೆಲುಗು ಮಾತಿನ ಯರ್ರಪ್ಪ, ಮಗ್ಗ ಹಾಕಿಸಿ ರೇಷ್ಮೆ ಸೀರೆ ಮಾರುವವನು, ಹಾಗಲಕಾಯಿ ಜಜ್ಜಿ ಬೋಗುಣಿಗೆ ಹಾಕಿ ಮೇಷ್ಟ್ರನ್ನು ಅದರಲ್ಲಿ ನಿಲ್ಲಿಸಿದ. "ತುಳೀರಿ ಮೇಷ್ಟ್ರೇ, ನಾಲಿಗೆ ಕಹಿ ಆಗೋ ತಂಕ ತುಳೀರಿ." ನಾಲಿಗೆ ಕಹಿಯಾಗಲಿಲ್ಲ, ಬದುಕು ಆಯಿತು. ವಿಜ್ಞಾನದ ಮೇಷ್ಟ್ರು ಮಾರುತೇಶ ಆನ್‌ಲೈನಿನಲ್ಲಿ ತರಿಸಿದ ಗಡಗಡ ಅದುರುವ ಯಂತ್ರವೊಂದನ್ನು ತಂದುಕೊಟ್ಟ. ಅದರ ಮೇಲೆ ಕಾಲಿಟ್ಟರೆ ಹಳೇ ಟ್ರ್ಯಾಕ್ಟರಿನ ಮೇಲೆ ಕೂತಂತೆ ಹಲ್ಲೆಲ್ಲ ಅಲುಗಾಡುತ್ತಿದ್ದವು. ಉರಿ ಮಾತ್ರ ಅಲುಗಾಡಿರಲಿಲ್ಲ.

ಈವತ್ತು, ಅದೂ ತಾಲ್ಲೂಕು ಕ್ರೀಡಾಕೂಟದ ದಿನವೇ, ಉರಿ ತಾನಾಗಿ ಹೋಗಿತ್ತು!

ಮೇಷ್ಟ್ರು ಟ್ರಂಕಿನಿಂದ ಬಿಳಿ ಕ್ಯಾನ್ವಾಸ್ ಶೂ ತೆಗೆದು ಹಾಕಿಕೊಂಡರು. ಶೂ ಒಳಗೆ ಕಾಲು ಇದೆಯೋ ಇಲ್ಲವೋ ಎನ್ನುವಷ್ಟು ಹಾಯಾಗಿತ್ತು. ಸರ್ವಮಂಗಳ ಕಣ್ಣೊರೆಸಿಕೊಂಡು, "ದೇವ್ರು ಕಣ್ಣು ಬಿಟ್ಟ ಬಿಡ್ರಿ," ಎಂದು ಕೈಮುಗಿದಳು.

ಮೈದಾನದಲ್ಲಿ ಮೇಷ್ಟ್ರು ಆವತ್ತು ನಡೆಯಲಿಲ್ಲ, ಹಾರಾಡಿದರು. ಪಥಸಂಚಲನದಲ್ಲಿ ಎಲ್ಲರಿಗಿಂತ ಮುಂದೆ, ನೆಲ ನಡುಗುವಂತೆ ಕಾಲಪ್ಪಳಿಸಿದರು. ಓಟದ ಹುಡುಗಿಯರ ಜೊತೆ ಪಕ್ಕದಲ್ಲೇ ಓಡಿ ಹುರಿದುಂಬಿಸಿದರು. ಚೆಂಡು ಬೇಲಿಯಾಚೆ ಜಾಲಿಪೊದೆಗೆ ಬಿದ್ದರೆ ತಾವೇ ನುಗ್ಗಿ ತಂದರು. ಸಂಜೆಯ ಹೊತ್ತಿಗೆ ಬಿಳಿ ಶೂ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಹೆಡ್‌ಮಾಸ್ಟರು ಎಲ್ಲರೆದುರೇ ಬೆನ್ನು ತಟ್ಟಿದರು. "ಏನ್ರೀ ಮೂರ್ತಿ, ಯಾವ ಔಷಧಿ ಇದು?"

ಅಲ್ಲಿ ಕೇಳಬಾರದ ಪ್ರಶ್ನೆ ಅದು.

"ನನ್ನ ಮಷೀನು ಸಾರ್!" ಎಂದ ಮಾರುತೇಶ. "ರಕ್ತ ಸಂಚಾರ ಶುರುವಾಗೈತೆ."

ಓಟ ನೋಡಲು ಬಂದಿದ್ದ ಯರ್ರಪ್ಪ ಬೇಲಿ ಹಾರಿಯೇ ಬಂದ. "ಚೂಶಾರಾ, ನೋಡಿದ್ರಾ! ಹಾಗಲಕಾಯಿ ಕೆಲ್ಸ ಇದು. ಆ ಮಷೀನು ಹಾಕಿದ್ರೆ ಎಮ್ಮೆನೂ ಕುಣೀತೈತೆ, ಅದೇನು ಔಷಧೀನಾ?"

ಮೊಮ್ಮಗಳ ಜೊತೆ ಬಂದಿದ್ದ ಸೂರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನೆನ್ನೆ ಸಂಜೆ ಎಣ್ಣೆ ಹಚ್ಚಿದೋಳು ನಾನು. ಬೆಳಗ್ಗೆ ಉರಿ ಇಲ್ಲ. ಮಧ್ಯದಲ್ಲಿ ಇವ್ರೆಲ್ಲ ಯಾರು?"

ಬಹುಮಾನ ವಿತರಣೆಗಿಂತ ಈ ಜಗಳಕ್ಕೇ ಜನ ಹೆಚ್ಚು ಸೇರಿದರು. ಕೊನೆಗೆ ಮಾರುತೇಶ, "ಚಳ್ಳಕೆರೆ ಡಾಕ್ಟರ್ ಮುಂದೇನೇ ತೀರ್ಮಾನ ಆಗ್ಲಿ," ಎಂದ. ಮೇಷ್ಟ್ರಿಗೂ ಆ ಮಾತು ರುಚಿಸಿತು. ಡಾಕ್ಟರ ಮುಂದೆ ಶೂ ಟಪಟಪ ಎನ್ನಿಸಿ ನಡೆಯಬೇಕೆಂಬ ಆಸೆ ಅವರಿಗೆ ಬೆಳಗ್ಗೆಯಿಂದ ಇತ್ತು. ಸರ್ವಮಂಗಳಳನ್ನೂ ಕರೆದುಕೊಂಡು ಐವರೂ ಬಸ್ ಹತ್ತಿದರು. ದಾರಿಯುದ್ದಕ್ಕೂ ಔಷಧಿ ಕೊಟ್ಟ ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಡಾಕ್ಟರ್ ಶೈಲಜಾ ಎಲ್ಲವನ್ನೂ ಕೇಳಿಸಿಕೊಂಡರು. ಮೂವರೂ ಒಟ್ಟಿಗೇ ಮಾತಾಡಿದ್ದರಿಂದ ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ.

"ಶೂ ಬಿಚ್ಚಿ ಮೇಷ್ಟ್ರೇ, ಕಾಲು ನೋಡೋಣ," ಎಂದರು.

ಎಡಗಾಲಿನ ಶೂ ಬಂತು. ಬಲಗಾಲಿನದು ಬರಲಿಲ್ಲ. ಮೇಷ್ಟ್ರು ಎಳೆದರು, ಸರ್ವಮಂಗಳ ಎಳೆದಳು. "ಬಿಡಮ್ಮ, ನಾನು ನೋಡ್ತೀನಿ," ಎಂದು ಯರ್ರಪ್ಪ ಹಿಮ್ಮಡಿ ಹಿಡಿದು ಜಗ್ಗಿದ. ಶೂವಿನ ಜೊತೆ ಮೇಷ್ಟ್ರೇ ಕುರ್ಚಿಯಿಂದ ಜಾರಿ ಬಂದರು.

"ಅಯ್ಯೋ, ಎಳೀಬೇಡ್ರಿ!" ಡಾಕ್ಟರು ಎದ್ದು ಬಂದು ಕಾಲನ್ನು ಮೇಲೆತ್ತಿ ಅಟ್ಟೆಯನ್ನು ನೋಡಿದರು. ನೋಡುತ್ತಲೇ ಅವರ ಮುಖ ಬದಲಾಯಿತು. ಕತ್ತರಿ ತರಿಸಿ ಶೂವನ್ನು ಸುತ್ತಲೂ ಕತ್ತರಿಸಿದರು. ಒಳಗೆ ಕಾಲುಚೀಲ ರಕ್ತದಲ್ಲಿ ನೆನೆದು, ಒಣಗಿ ರಟ್ಟಿನಂತಾಗಿತ್ತು. ಹೆಬ್ಬೆರಳುದ್ದದ ಒಂದು ಜಾಲಿಮುಳ್ಳು ಅಟ್ಟೆ, ಚೀಲ, ಅಂಗಾಲು ಮೂರನ್ನೂ ಸೇರಿಸಿ ಹೊಲಿದು ನಿಂತಿತ್ತು.

"ಯಾವಾಗ ಚುಚ್ಚಿದ್ದು ಇದು?" ಡಾಕ್ಟರು ಕೇಳಿದರು.

"ಯಾವುದು?" ಎಂದರು ಮೇಷ್ಟ್ರು.

ಮುಳ್ಳು ಕೀಳುವಾಗಲೂ, ಗಾಯ ತೊಳೆಯುವಾಗಲೂ ಮೇಷ್ಟ್ರು ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡುತ್ತಿದ್ದರು. ಮರಗಟ್ಟಿಸುವ ಇಂಜೆಕ್ಷನ್ ಬೇಕಾಗಲೇ ಇಲ್ಲ. ಕಾಲು ಆ ಕೆಲಸವನ್ನು ಮೊದಲೇ ಮುಗಿಸಿತ್ತು.

"ಉರಿ ವಾಸಿಯಾಗಿ ಹೋಗಿದ್ದಲ್ಲ ಮೇಷ್ಟ್ರೇ," ಡಾಕ್ಟರು ಮೆಲ್ಲಗೆ ಹೇಳಿದರು. "ನರಕ್ಕೆ ಸುದ್ದಿ ಮುಟ್ಟಿಸೋ ಶಕ್ತಿ ಹೋಗ್ತಾ ಇದೆ. ಇನ್ಮೇಲೆ ಮುಳ್ಳು, ಬಿಸಿನೀರು, ಕಲ್ಲು ಯಾವುದೂ ನಿಮಗೆ ಗೊತ್ತಾಗಲ್ಲ. ದಿನಾ ಕಣ್ಣಲ್ಲೇ ಕಾಲು ನೋಡ್ಕೋಬೇಕು. ಈ ಗಾಯ ಮಾಯೋ ತನಕ ಕಾಲು ಊರಬಾರದು. ಇದು ಕೆಟ್ಟರೆ ಬೆರಳು, ಪಾದ ಉಳಿಸೋದೂ ಕಷ್ಟ."

ಮೇಷ್ಟ್ರು ತಿರುಗಿ ಹಿಂದೆ ನೋಡಿದರು.

"ನನ್ನ ಎಣ್ಣೆ ಎಡಗಾಲಿಗೆ ಮಾತ್ರ ಹಚ್ಚಿದ್ದು," ಎಂದರು ಸೂರಮ್ಮ ತಟ್ಟನೆ.

"ನಮ್ದು ಬರೀ ಹಾಗಲಕಾಯಿ ಕಣಮ್ಮ, ಪಲ್ಯ ಮಾಡೋದು," ಎಂದ ಯರ್ರಪ್ಪ. "ಮಷೀನಂತೂ ನಮ್ದಲ್ಲ."

"ಆ ಮಷೀನು ಬಂದಾಗಿಂದ್ಲೂ ಕೆಟ್ಟೈತೆ," ಎಂದ ಮಾರುತೇಶ.

ಕಾಲಿನ ಒಡೆತನ ಪುನಃ ಮೇಷ್ಟ್ರೊಬ್ಬರಿಗೇ ಬಂತು. ಅವರು, "ಡಾಕ್ಟ್ರೇ, ಉರಿ ವಾಪಸ್ ಬರೋ ಹಂಗೆ ಏನಾದ್ರೂ ಐತಾ?" ಎಂದು ಕೇಳಿದರು. ಎರಡು ವರ್ಷ ಯಾವುದನ್ನು ಶಪಿಸಿದ್ದರೋ ಅದನ್ನೇ ಈಗ ಭಿಕ್ಷೆಯಂತೆ ಬೇಡುತ್ತಿದ್ದರು.

"ಉರಿಗಾದ್ರೆ ನನ್ನ ಹತ್ರ ಬೇರೆ ಬೇರೆ ಮಾತ್ರೆ ಇವೆ. ಒಂದು ಒಗ್ಗದಿದ್ರೆ ಇನ್ನೊಂದು ಕೊಡಬಹುದಿತ್ತು," ಎಂದರು ಡಾಕ್ಟರು. "ಮರಗಟ್ಟಿದ್ದಕ್ಕೆ ಯಾವುದೂ ಇಲ್ಲ. ಸಕ್ಕರೆ ಹತೋಟಿಗೆ ತರೋಣ, ಇನ್ನೂ ಕೆಡದ ಹಾಗೆ ನೋಡ್ಕೊಳ್ಳೋಣ."

ವಾಪಸ್ ಬಸ್ಸಿನಲ್ಲಿ ಮೇಷ್ಟ್ರ ಪಟ್ಟಿ ಸುತ್ತಿದ ಕಾಲು ಸರ್ವಮಂಗಳಳ ಮಡಿಲಲ್ಲಿತ್ತು. ಬೆರಳುಗಳಷ್ಟೇ ಹೊರಗೆ ಕಾಣುತ್ತಿದ್ದವು. ಹೊರಗೆ ಕತ್ತಲಾಗಿತ್ತು. ಬಸ್ಸು ತಳಕು ಊರನ್ನು ದಾಟಿದ ಮೇಲೆ ಮೇಷ್ಟ್ರು ಇದ್ದಕ್ಕಿದ್ದಂತೆ ನೆಟ್ಟಗೆ ಕೂತರು. ಬೆರಳ ತುದಿಯಲ್ಲಿ ಯಾರೋ ಬೂದಿ ಕೆದಕಿದಂತಾಯಿತು. ಆಮೇಲೆ ಕೆಂಡ. ಆಮೇಲೆ ಆ ಹಳೆಯ, ಹಲ್ಲು ಕಚ್ಚಿಸುವ, ಪ್ರಾಣ ಹಿಂಡುವ ಬೆಂಕಿ.

"ಉರೀತೈತೆ!" ಅವರು ಕೂಗಿದರು. "ಉರಿ ಬಂತು ಕಣೇ, ಉರಿ ಬಂತು!"

ಇಡೀ ಬಸ್ಸು ಬೆಂಕಿ ಬಿತ್ತೆಂದು ಎದ್ದು ನಿಂತಿತು. ಸೂರಮ್ಮ ದೇವರಿಗೆ ಕೈಯೆತ್ತಿದರು. ಯರ್ರಪ್ಪ ಹಿಂದಿನ ಸೀಟಿನಿಂದ, "ಬತಿಕೇಮುರಾ ದೇವುಡಾ, ಬದುಕಿದ್ವಿ!" ಎಂದ. ಮೇಷ್ಟ್ರ ಕಣ್ಣಲ್ಲಿ ನೋವಿಗೂ ಸಂತೋಷಕ್ಕೂ ಒಂದೇ ನೀರು ಬಂದಿತ್ತು. ನರ ಸತ್ತಿಲ್ಲ! ಸುಡಲಿ, ರಾತ್ರಿಯೆಲ್ಲ ಸುಡಲಿ, ಕಾಲು ಇನ್ನೂ ತನ್ನದೇ.

"ಹೆಬ್ಬೆರಳು ಚಿವುಟು ನೋಡಾನ," ಎಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕಾದರು. ಬಸ್ಸಿನಲ್ಲಿದ್ದವರೂ ಉಸಿರು ಹಿಡಿದರು. ಕಾಲು ಧಗಧಗ ಉರಿಯುತ್ತಿತ್ತು.

"ಚಿವುಟೇ, ಯಾಕೆ ತಡ ಮಾಡ್ತೀಯಾ?"

ಸರ್ವಮಂಗಳ ಒಂದು ಕೈಯಿಂದ ಸೆರಗು ತೆಗೆದು ಕಣ್ಣೊರೆಸಿಕೊಂಡಳು.

"ಆಗ್ಲಿಂದ ಚಿವುಟ್ತಾನೇ ಇದೀನಲ್ರೀ," ಎಂದಳು.