ಒಂದೇ ಗೋಡೆ, ಎರಡು ಜೋಡಿ

ಸ್ವಸ್ತಿ! ಕಲಿಯುಗದ ಪ್ರಥಮ ಪಾದದಲ್ಲಿ, ಭರತಖಂಡದಲ್ಲಿ, ಆಲೆಮನೆಯ ಹೊಗೆಯೇ ಧೂಪವಾಗಿ ಕಬ್ಬಿನ ಜಲ್ಲೆಗಳೇ ಚಾಮರವಾಗಿ ಮೆರೆಯುವ ಮಂಡ್ಯವೆಂಬ ಮಹಾಪಟ್ಟಣದಲ್ಲಿ ನಡೆದ ಘನಘೋರ ಕಾಳಗವನ್ನು ಹೇಳಹೊರಟಿದ್ದೇನೆ. ತಾಯಿ ಸರಸ್ವತಿ, ನಾಲಿಗೆಯ ಮೇಲೆ ಭದ್ರವಾಗಿ ಕೂರು. ಜಾರಿದರೆ ನನ್ನನ್ನು ದೂರಬೇಡ.

ಅಲ್ಲಿ ಇಬ್ಬರು ವೀರರಿದ್ದರು. ಒಬ್ಬ ಟ್ಯೂಬುವ್ರಣಧನ್ವಂತರಿ, ಚಕ್ರವಕ್ರತಾಭಂಜನ, ಸೈಕಲ್ ಶಾಪಿನ ಮಂಚೇಗೌಡ. ಇನ್ನೊಬ್ಬ ಸೂಚೀಸಂಧಾನಧುರಂಧರ, ಗುಂಡಿಕಾಜಾಘಟಕ, ಟೈಲರ್ ಬೆಟ್ಟಸ್ವಾಮಿ. ಇಬ್ಬರೂ ಹರೆಯದಲ್ಲಿ ಕಾಲೋನಿಯ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೆ ಆಡಿದವರು. ಈಗ ಮಂಡಿ ಹಿಡಿದುಕೊಂಡು, ದೊಡ್ಡ ಲೀಗಿನ ಆಟವನ್ನು ಟೀವಿಯಲ್ಲಿ ನೋಡುತ್ತಾ ರೆಫ್ರಿಗೆ ಬುದ್ಧಿ ಹೇಳುವವರು.

ಕಾಳಗಕ್ಕೆ ಕಾರಣ ಒಂದು ಗೋಡೆ. ಅಂಕಣದ ಪಕ್ಕದ ಗೋಡೆಗೆ ಸುಣ್ಣ ಬಳಿಸಿದ ಕ್ಲಬ್ಬಿನವರು, ಲೀಗಿನಲ್ಲೇ ಶ್ರೇಷ್ಠವಾದ ಆಟಗಾರರ ಜೋಡಿಯ ಹೆಸರನ್ನು ಅದರ ಮೇಲೆ ಬರೆಸಬೇಕೆಂದು ತೀರ್ಮಾನಿಸಿದ್ದರು. ಅರ್ಧ ಗೋಡೆಯನ್ನು ಟ್ರಾನ್ಸ್‌ಫಾರ್ಮರ್ ಮರೆ ಮಾಡಿದ್ದರಿಂದ ಒಂದೇ ಜೋಡಿಗೆ ಜಾಗ. ವೀರರ ಅಂಗಡಿಗಳೆರಡೂ ಆ ಗೋಡೆಗೆ ಎದುರು. ಸೋತವನು ಜೀವ ಇರುವ ತನಕ ಬೆಳಗೆದ್ದು ವೈರಿಯ ಜೋಡಿಯ ನಾಮದರ್ಶನ ಮಾಡಬೇಕು! ನೆನೆಸಿಕೊಂಡೇ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಕಲ್ಯಾಣಮಂಟಪಗಳ ಬೋರ್ಡು ಬರೆದು ಕೈ ಪಳಗಿದ್ದ ಪೇಂಟರ್ ನಂಜುಂಡಿ ಏಣಿ ಹತ್ತಿ ಕಾಯುತ್ತಿದ್ದ. ಆಗ ಮಂಚೇಗೌಡ, ಸೈಕಲ್ ಪಂಪನ್ನು ಗದೆಯಂತೆ ಹೆಗಲಿಗೇರಿಸಿ ಗರ್ಜಿಸಿದ:

"ಕೇಳ್ಲಾ ಬೆಟ್ಟ! ನಮ್ ಹೊನ್ನೇಶ ನೆಗುದ್ರೆ ಮೋಡ ಪಕ್ಕಕ್ ಸರ್ಕತದೆ. ಚಂಗಪ್ಪ ಕಣ್ ಮುಚ್ಕಂಡ್ ಎಸುದ್ರೂ ಬಾಲು ವಿಳಾಸ ಕೇಳ್ಕಂಡು ಹೊನ್ನೇಶನ್ ಕೈಗೇ ಬತ್ತದೆ. ಇಂಥ ಜೋಡಿ ಭೂಮಿ ಮ್ಯಾಲೆ ಇದ್ದದ್ಲಾ?"

ಬೆಟ್ಟಸ್ವಾಮಿ ಕತ್ತರಿಯನ್ನು ಝಳಪಿಸಿದ. "ಸಾಕು ಬುಡ್ಲಾ! ನಿಮ್ ಹೊನ್ನೇಶ ಫ್ರೀ ಥ್ರೋಗೆ ನಿಂತ್ರೆ ಮುಂದಿನ ಸಾಲ್ನೋರು ತಲೆ ಮೇಲೆ ಟವಲ್ ಹಾಕ್ಕತಾರೆ. ನಮ್ ಅಂತೋಣಿ, ಮಾದೇವ ಒಂದೇ ಜೀವ ಕಣ್ಲಾ. ಒಬ್ಬ ಕೆಮ್ಮುದ್ರೆ ಸಾಕು, ಇನ್ನೊಬ್ಬ ಬುಟ್ಟಿ ತಾವು ನಿಂತಿರ್ತಾನೆ!"

ಹೀಗೆ ವಾಗ್ಬಾಣಗಳು ಹಾರಿದವು, ಎಲೆಯಡಿಕೆಯ ರಸವೂ ಅಲ್ಲಲ್ಲಿ ಹಾರಿತು. ಹೊತ್ತು ಇಳಿಯಿತು, ಡಬ್ಬಿಯ ಬಣ್ಣಕ್ಕೆ ಕೆನೆ ಕಟ್ಟಿತು.

"ಜೋಡಿ ಹೊಂದ್ತದೋ ಇಲ್ವೋ ಅಂತ ನೋಡಕ್ಕೆ ಜೋಯಿಸ್ರಿಲ್ವಾ? ಸಾಲಾವಳಿ ಹಾಕುಸ್ಲಾ!" ಎಂದು ಕೊನೆಗೆ ಬೆಟ್ಟಸ್ವಾಮಿಯೇ ಸವಾಲೆಸೆದ. ಮದುವೆಗೆ ಜಾತಕ ಕೂಡಿಸುವ ಶಾಸ್ತ್ರದಿಂದ ಬ್ಯಾಸ್ಕೆಟ್‌ಬಾಲನ್ನು ಅಳೆಯುವ ಈ ಮಹತ್ತಾದ ಆಲೋಚನೆ ಯಾರಿಗೂ ವಿಚಿತ್ರ ಎನಿಸಲಿಲ್ಲ. ಪಕ್ಕದ ಮನೆಯ ನರಹರಿ ಜೋಯಿಸರು ಪಂಚಾಂಗ ಹಿಡಿದು ಏಣಿಯ ಬುಡಕ್ಕೇ ಬಂದರು.

"ಹುಟ್ಟಿದ ಗಳಿಗೆ ಗೊತ್ತಿಲ್ಲ ಅಂದರೆ ಹೆಸರಿನ ಮೇಲೇ ನೋಡೋಣ. ಇದರಲ್ಲಿ ಹೆಣ್ಣು ಯಾವುದಪ್ಪ?"

ಚಂಗಪ್ಪನ ಮೀಸೆಯನ್ನು ಟೀವಿಯಲ್ಲಿ ಕಂಡವರೆಲ್ಲ ನೆಲ ನೋಡಿದರು. ಮಂಚೇಗೌಡ ಎದೆ ಗಟ್ಟಿ ಮಾಡಿಕೊಂಡ. "ಬಾಲ್ ತಂದು ಬಡ್ಸೋನು ಚಂಗಪ್ಪ. ಅವ್ನೇ ಹೆಣ್ಣು ಅಂತ ಇಟ್ಕಳಿ ಸ್ವಾಮಿ."

ಜೋಯಿಸರು ಬೆರಳು ಮಡಿಚಿದರು. "ಅಂತೋಣಿ ಕೃತ್ತಿಕೆ, ಮಹದೇವ ಮಖೆ. ಏಕನಾಡಿ. ಸಂತಾನಕ್ಕೆ ತೊಂದರೆ, ಬೇಡ."

"ಸಂತಾನ ಯಾಕ್ ಸ್ವಾಮಿ, ಅವ್ರು ಬಾಲ್ ಆಡೋರು!" ಎಂದು ಬೆಟ್ಟಸ್ವಾಮಿ ಗೋಗರೆದ. ಶಾಸ್ತ್ರ ಕರಗಲಿಲ್ಲ.

"ಹೊನ್ನೇಶ ಪುಷ್ಯ, ಚಂಗಪ್ಪ ರೇವತಿ. ಇಬ್ಬರೂ ದೇವಗಣ. ಆಹಾ, ಸಾಲಾವಳಿ ಚೆನ್ನಾಗಿ ಕೂಡಿ ಬಂದಿದೆ!"

ಜಯಘೋಷ ಮುಗಿಲು ಮುಟ್ಟಿತು. "ಬರ್ಯಲಾ ನಂಜುಂಡಿ, ದಪ್ಪಕ್ಕೆ ಬರಿ!" ಎಂದು ಆಜ್ಞಾಪಿಸಿ ಮಂಚೇಗೌಡ ಪರಿವಾರಸಮೇತ ಕಾಫಿಗೆ ತೆರಳಿದ. ಬೆಟ್ಟಸ್ವಾಮಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಕುಳಿತ. ಪಾಪ, ಅವನನ್ನು ನೋಡಿದರೆ ನನಗೇ ಸಂಕಟವಾಗುತ್ತಿತ್ತು.

ಕಾಫಿ ಕುಡಿದು ಬಂದ ವಿಜಯಶಾಲಿ ಗೋಡೆಯತ್ತ ಕತ್ತೆತ್ತಿದ. ಎರಡು ಕಡೆ ಗೊನೆ ಬಿಟ್ಟ ಬಾಳೆಕಂಬ, ಮೇಲೆ ಮಾವಿನ ತೋರಣ, ನಡುವೆ ಕೆಂಪು ಆಯಿಲ್ ಪೇಂಟಿನಲ್ಲಿ:

ಶುಭ ವಿವಾಹ
ಚಿ|| ರಾ|| ಹೊನ್ನೇಶ
ಚಿ|| ಸೌ|| ಚಂಗಪ್ಪ

"ಅಯ್ಯೋ, ಏನ್ಲಾ ಇದು!"

"ಸಾಲಾವಳಿ ಕೂಡ್ತು ಅಂದ್ರಲ್ಲ ಗೌಡ್ರೆ," ಎಂದ ನಂಜುಂಡಿ ಬ್ರಷ್ ಒರೆಸುತ್ತಾ. "ಹೆಣ್ಣಿನ ಹೆಸ್ರು ನೀವೇ ಹೇಳುದ್ರಿ. ಮುಹೂರ್ತ ಎಷ್ಟೊತ್ಗೆ ಅಂದ್ಬುಡಿ, ಕೆಳಗೆ ಜಾಗ ಬುಟ್ಟಿವ್ನಿ."

ಹೊಲಿಗೆ ಯಂತ್ರದ ಮೇಲಿನ ತಲೆ ಮೆಲ್ಲನೆ ಎದ್ದಿತು. ಅಷ್ಟರಲ್ಲಿ ತರಕಾರಿ ಚೀಲ ಹಿಡಿದು ಬಂದ ಒಬ್ಬಾಕೆ ಗೋಡೆಯನ್ನು ಓದಿ, "ಊಟ ಯಾವ್ ಛತ್ರದಲ್ಲಪ್ಪಾ?" ಎಂದು ಕೇಳಿದಳು.

"ಮದ್ವೆ ಆಗೋಯ್ತು ಕಣವ್ವ," ಎಂದ ಬೆಟ್ಟಸ್ವಾಮಿ, ಮುಖವೆಲ್ಲ ಅರಳಿಸಿಕೊಂಡು. "ಭಾನುವಾರ ಬೀಗರೂಟ, ಈ ಗೌಡ್ರ ಅಂಗಡಿ ಮುಂದೆ. ಕೋಳಿ ಹಾಕುಸ್ತಾರೆ, ಎಲ್ರೂ ಬನ್ನಿ."

ಮಂಚೇಗೌಡನ ಮೈ ಉರಿದುಹೋಯಿತು. ಇನ್ನಾವ ಅವಮಾನವನ್ನಾದರೂ ಅವನು ನುಂಗಿಕೊಳ್ಳುತ್ತಿದ್ದ.

"ಕೋಳಿನಾ? ನಮ್ ಹೊನ್ನೇಶನ್ ಮದ್ವೆಗೆ ಕೋಳಿನಾ? ಕುರಿ ಕಡೀತೀನಿ ಕಣವ್ವ, ಮನೆಮಂದಿನೆಲ್ಲ ಕರ್ಕಂಡ್ ಬಾ!"